ಡಬಲ್ ಬಾಸ್ ಕಲಿಸುವವರಿಗೆ: ಬೋ ಹಿಡಿತ, ಎಡಗೈ ಪೊಸಿಷನ್, ಯಾವುದು ಮೊದಲು, ಯಾವುದು ಆಮೇಲೆ

ನಮ್ಮ ಕಡೆ ಡಬಲ್ ಬಾಸ್‌ಗೆ, ಅಂದರೆ ನಿಲ್ಲಿಸಿಕೊಂಡು ನುಡಿಸುವ ಆ ದೊಡ್ಡ ತಂತಿ ವಾದ್ಯಕ್ಕೆ, ಅಂತಲೇ ಮೇಷ್ಟ್ರು ಸಿಗುವುದು ಕಷ್ಟ. ಶಾಲೆಯ ಆರ್ಕೆಸ್ಟ್ರಾಕ್ಕೋ ಚರ್ಚಿನ ವಾದ್ಯವೃಂದಕ್ಕೋ ಯಾರಾದರೂ ಒಂದು ಬಾಸ್ ಕೊಡಿಸುತ್ತಾರೆ. ಆಮೇಲೆ ಚೆಲ್ಲೋ ಅಥವಾ ವಯಲಿನ್ ಹೇಳಿಕೊಡುವವರನ್ನು ಹಿಡಿದು, "ಹೇಗೂ ತಂತಿ ವಾದ್ಯ ಅಲ್ವಾ, ಇದನ್ನೂ ಸ್ವಲ್ಪ ನೋಡಿಕೊಳ್ಳಿ" ಅನ್ನುತ್ತಾರೆ. ಈ ಬರಹ ಅಂಥವರಿಗೆ.

ಮೊದಲ ದಿನವೇ ಎರಡು ಪ್ರಶ್ನೆ ಏಳುತ್ತವೆ. ಬೋ, ಅಂದರೆ ಕಮಾನು, ಫ್ರೆಂಚ್ ರೀತಿ ಹಿಡಿಸಬೇಕಾ, ಜರ್ಮನ್ ರೀತಿ ಹಿಡಿಸಬೇಕಾ? ಎಡಗೈ ತಂತಿಯ ಮೇಲೆ ನಿಲ್ಲುವ ಜಾಗಗಳನ್ನು, ಅಂದರೆ ಪೊಸಿಷನ್‌ಗಳನ್ನು, ಸಿಮಾಂಡ್ಲ್ ಅನ್ನುವ ಮೇಷ್ಟ್ರ ಪ್ರಕಾರ ಕಲಿಸಬೇಕಾ, ರಬಾತ್ ಅನ್ನುವವರ ಪ್ರಕಾರವಾ? ಮೊದಲನೆಯದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಯಾವ ಹಿಡಿತವಾದರೂ ತೋಳಿನ ಭಾರ ತಂತಿಗೆ ಇಳಿದರೆ ಸಾಕು. ಎರಡನೆಯದರಲ್ಲಿ ಮಾತ್ರ ನನಗೊಂದು ಹಟ ಇದೆ. ಎಡಗೈಯನ್ನು ನಟ್ (ಕುತ್ತಿಗೆಯ ಮೇಲ್ತುದಿಯಲ್ಲಿ ತಂತಿಗಳು ಹಾಯುವ ಪಟ್ಟಿ) ಹತ್ತಿರದ ಹಾಫ್ ಪೊಸಿಷನ್‌ನಿಂದ, ಅಂದರೆ ಎಲ್ಲಕ್ಕಿಂತ ಮೇಲಿನ ಜಾಗದಿಂದ, ಶುರು ಮಾಡಿಸಬೇಡಿ. ಕುತ್ತಿಗೆ ದೇಹಕ್ಕೆ ಸೇರುವ ಜಾಗದಿಂದ ಶುರು ಮಾಡಿಸಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ವಾದ್ಯ ನಿಲ್ಲಬೇಕು

ಎಂಡ್‌ಪಿನ್ (ವಾದ್ಯದ ಕೆಳಗೆ ನೆಲಕ್ಕೆ ಊರುವ ಸರಳು) ಎಷ್ಟು ಎಳೆಯಬೇಕು ಅನ್ನುವುದಕ್ಕೆ "ನಟ್ ಹುಬ್ಬಿನ ಮಟ್ಟಕ್ಕೆ ಬರಲಿ" ಅನ್ನುವ ಲೆಕ್ಕ ರೂಢಿಯಲ್ಲಿದೆ. ಅದು ಬರೀ ಅಂದಾಜು. ನಾನು ನೋಡುವುದು ಬಲಗೈಯನ್ನು. ವಿದ್ಯಾರ್ಥಿ ನೆಟ್ಟಗೆ ನಿಂತು ಬಲಗೈ ಸಡಿಲವಾಗಿ ಇಳಿಬಿಟ್ಟಾಗ, ಬೋ ಹಿಡಿದ ಕೈ ಫಿಂಗರ್‌ಬೋರ್ಡಿನ (ಬೆರಳು ಒತ್ತುವ ಹಲಗೆ) ತುದಿಗೂ ಬ್ರಿಡ್ಜಿಗೂ (ತಂತಿಗಳನ್ನು ಎತ್ತಿ ಹಿಡಿಯುವ ಕುದುರೆ) ನಡುವೆ ಬರಬೇಕು. ಬಗ್ಗಿ ಬೋ ಎಳೆಯುವ ಹಾಗಿದ್ದರೆ ಎಂಡ್‌ಪಿನ್ ಇನ್ನೂ ಎಳೆಯಿರಿ. ಎಡಗೈ ಮೇಲೆತ್ತಿ ಎತ್ತಿ ನೋಯುತ್ತಿದ್ದರೆ ಸ್ವಲ್ಪ ಇಳಿಸಿ.

ಬಾಸ್ ಎಡ ಸೊಂಟ ಮತ್ತು ಹೊಟ್ಟೆಗೆ ಒರಗಿ ನಿಲ್ಲಬೇಕು. ಪರೀಕ್ಷೆ ಸುಲಭ. ಎರಡೂ ಕೈ ಬಿಡಿಸಿ, ನೀವು ಪಕ್ಕದಲ್ಲಿ ಹುಷಾರಾಗಿ ನಿಂತಿರಿ. ವಾದ್ಯ ಬೀಳದೆ ನಿಂತರೆ ಸರಿ. ಎಡಗೈಯಿಂದ ಅದನ್ನು ಹಿಡಿದುಕೊಂಡಿರಬೇಕಾದರೆ ಆ ಕೈ ಯಾವ ಪೊಸಿಷನ್ನೂ ಕಲಿಯುವುದಿಲ್ಲ, ಬರೀ ಕಂಬ ಹಿಡಿಯುವುದನ್ನು ಕಲಿಯುತ್ತದೆ.

ತಂತಿಯ ಎತ್ತರವನ್ನೂ ಒಮ್ಮೆ ಅಳೆಯಿರಿ. ಫಿಂಗರ್‌ಬೋರ್ಡಿನ ಕೊನೆಯಲ್ಲಿ ಜಿ ತಂತಿ (ಅತಿ ತೆಳುವಿನದು) ಸುಮಾರು 5-6 ಮಿಲಿಮೀಟರ್, ಇ ತಂತಿ (ಅತಿ ದಪ್ಪದ್ದು) ಸುಮಾರು 9-10 ಮಿಲಿಮೀಟರ್ ಎತ್ತರ ಇದ್ದರೆ ಕಲಿಯುವವರು ತಡೆದುಕೊಳ್ಳಬಹುದು. ಇದಕ್ಕಿಂತ ತುಂಬಾ ಜಾಸ್ತಿ ಇದ್ದರೆ ಪಾಠ ಶುರು ಮಾಡುವ ಮೊದಲು ರಿಪೇರಿ ಮಾಡುವವರ ಹತ್ತಿರ ಬ್ರಿಡ್ಜ್ ಇಳಿಸಿಕೊಂಡು ಬನ್ನಿ.

ಫ್ರೆಂಚಾ, ಜರ್ಮನ್ನಾ?

ಫ್ರೆಂಚ್ ಹಿಡಿತದಲ್ಲಿ ಕೈ ಬೋ ಕಡ್ಡಿಯ ಮೇಲಿನಿಂದ ಬರುತ್ತದೆ, ಚೆಲ್ಲೋದಲ್ಲಿ ಇರುವ ಹಾಗೇ. ಜರ್ಮನ್ ಹಿಡಿತದಲ್ಲಿ ಕೈ ಕೆಳಗಿನಿಂದ, ಪಕ್ಕದಿಂದ ಬರುತ್ತದೆ. ಹಳೆಯ ವಯೋಲ್ ವಾದ್ಯಗಳನ್ನು ನುಡಿಸುತ್ತಿದ್ದ ರೀತಿಗೆ ಇದು ಹತ್ತಿರ. ಡಬಲ್ ಬಾಸಿನ ಇಬ್ಬರು ದೊಡ್ಡ ಇಟಾಲಿಯನ್ನರೇ ಇದರಲ್ಲಿ ಬೇರೆ ಬೇರೆ ಕಡೆ. ವೆನಿಸ್‌ನ ಡ್ರಾಗೊನೆಟ್ಟಿ (1763-1846) ಹೊರಕ್ಕೆ ಬಾಗಿದ ಬೋವನ್ನು ಕೆಳಗಿನಿಂದ ಹಿಡಿಯುತ್ತಿದ್ದರು. ಬೊಟ್ಟೆಸಿನಿ (1821-1889) ಮೇಲಿನಿಂದ ಹಿಡಿದರು. ಇವತ್ತಿಗೂ ಜರ್ಮನಿ, ಆಸ್ಟ್ರಿಯಾ ಕಡೆ ಜರ್ಮನ್ ಹಿಡಿತ, ಫ್ರಾನ್ಸ್‌ನಲ್ಲಿ ಫ್ರೆಂಚ್ ಹಿಡಿತ. ಅಮೆರಿಕದ ಆರ್ಕೆಸ್ಟ್ರಾಗಳಲ್ಲಿ ಎರಡೂ ಪಕ್ಕಪಕ್ಕದಲ್ಲೇ ಕಾಣುತ್ತವೆ. ಧ್ವನಿ ಕೇಳಿ ಯಾವುದು ಯಾವುದು ಅಂತ ಹೇಳುತ್ತೇನೆ ಅನ್ನುವವರನ್ನು ನಾನು ನಂಬುವುದಿಲ್ಲ.

ಹಾಗಾಗಿ ಕೈಯಲ್ಲಿ ಯಾವ ಬೋ ಇದೆಯೋ ಅದನ್ನೇ ಕಲಿಸಿ. ಫ್ರಾಗ್ (ಕೈ ಹಿಡಿಯುವ ಕಡೆ ಬೋ ಕೂದಲು ಸೇರಿರುವ ತುಂಡು) ನೋಡಿದರೆ ಗೊತ್ತಾಗುತ್ತದೆ. ಗಿಡ್ಡವಾಗಿದ್ದರೆ ಫ್ರೆಂಚ್. ಎತ್ತರವಾಗಿ, ಒಳಗೆ ಬೆರಳು ತೂರುವಷ್ಟು ಜಾಗ ಇದ್ದರೆ ಜರ್ಮನ್. ಫ್ರೆಂಚ್ ಬೋವನ್ನು ಜರ್ಮನ್ ರೀತಿ ಹಿಡಿಸಲು ಹೋಗಬೇಡಿ, ಬೆರಳಿಗೆ ಜಾಗವೇ ಸಿಗುವುದಿಲ್ಲ. ಎರಡೂ ಬೋ ಇದ್ದು, ಹುಡುಗನೋ ಹುಡುಗಿಯೋ ಮೊದಲು ಚೆಲ್ಲೋ ನುಡಿಸಿದ್ದರೆ ಫ್ರೆಂಚ್ ಬೇಗ ಹತ್ತುತ್ತದೆ.

ಫ್ರೆಂಚ್ ಹಿಡಿತ

ಮೊದಲು ಬೋ ಕೊಡಲೇಬೇಡಿ. ದಪ್ಪ ಪೆನ್ಸಿಲ್ ಕೊಡಿ. ಬಲಗೈ ಇಳಿಬಿಟ್ಟು, ತುಂಬಿದ ಬಕೆಟ್ಟಿನ ಹಿಡಿಯನ್ನು ಬೆರಳುಗಳಲ್ಲಿ ಸಿಕ್ಕಿಸಿಕೊಂಡ ಹಾಗೆ ನಾಲ್ಕು ಬೆರಳು ಪೆನ್ಸಿಲ್ ಮೇಲೆ ಬಾಗಲಿ. ಬೆರಳುಗಳ ನಡುವೆ ಸಹಜವಾಗಿ ಎಷ್ಟು ಸಂದು ಬರುತ್ತದೋ ಅಷ್ಟೇ ಇರಲಿ, ಹಿಗ್ಗಿಸುವುದು ಬೇಡ. ಆಮೇಲೆ ಹೆಬ್ಬೆರಳು ಬಾಗಿಸಿ, ಮಧ್ಯದ ಬೆರಳಿಗೆ ಎದುರಾಗಿ ಕೆಳಗಿನಿಂದ ಇಡಿಸಿ.

ಈಗ ನಿಜವಾದ ಬೋ. ಹೆಬ್ಬೆರಳಿನ ತುದಿ ಫ್ರಾಗ್ ಮತ್ತು ಕಡ್ಡಿ ಸೇರುವ ಮೂಲೆಗೆ ಬರಬೇಕು. ತೋರುಬೆರಳು ಕಡ್ಡಿಯನ್ನು ಮೊದಲ ಗೆಣ್ಣಿನ ಹತ್ತಿರ ಮುಟ್ಟಲಿ. ಉಂಗುರದ ಬೆರಳು ಫ್ರಾಗ್ ಪಕ್ಕದ ಬಿಳಿ ಚುಕ್ಕಿಯ ಮೇಲೆ ಇಳಿಯಲಿ. ಕಿರುಬೆರಳು ಕೂಡ ಪಕ್ಕದಲ್ಲೇ ಇಳಿದಿರಲಿ. ವಯಲಿನ್‌ನಿಂದ ಬಂದವರು ಕಿರುಬೆರಳನ್ನು ಕಡ್ಡಿಯ ತಲೆ ಮೇಲೆ ಕುಕ್ಕರಿಸುತ್ತಾರೆ. ವಯಲಿನ್ ಬೋವನ್ನು ತಂತಿಯ ಮೇಲೆ ತೂಗಿ ಹಿಡಿಯಬೇಕು, ಅಲ್ಲಿ ಆ ಬೆರಳಿಗೆ ಕೆಲಸ ಇದೆ. ಬಾಸ್ ತಂತಿ ನೆಟ್ಟಗೆ ನಿಂತಿರುತ್ತದೆ, ಬೋ ಅಡ್ಡಡ್ಡವಾಗಿ ಓಡುತ್ತದೆ. ಹಾಗಾಗಿ ಇಲ್ಲಿ ಆ ಕೆಲಸ ಇಲ್ಲ.

ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದದ್ದು ಹೆಬ್ಬೆರಳಿಗೆ. ಪ್ರತಿ ಐದು ನಿಮಿಷಕ್ಕೊಮ್ಮೆ ನೋಡಿ. ಗೆಣ್ಣು ಹೊರಕ್ಕೆ ಬಾಗಿದ್ದರೆ ಸರಿ. ಒಳಕ್ಕೆ ಕುಸಿದು, ಉಗುರಿನ ಬುಡ ಬಿಳಿಚಿಕೊಂಡಿದ್ದರೆ ಕೈ ಹಿಂಡುತ್ತಿದೆ ಅಂತ ಅರ್ಥ. "ಸಡಿಲ ಬಿಡು" ಅಂತ ಬಾಯಲ್ಲಿ ಹೇಳಿದರೆ ಪ್ರಯೋಜನವಿಲ್ಲ. ಬೋ ಕೆಳಗಿಡಿಸಿ, ಕೈ ಕೊಡವಿಸಿ, ಮತ್ತೆ ಮೊದಲಿನಿಂದ ಹಿಡಿಸಿ. ಒಂದು ಪಾಠದಲ್ಲಿ ಇಪ್ಪತ್ತು ಸಲ ಬೇಕಾದರೂ ಆಗಲಿ.

ಜರ್ಮನ್ ಹಿಡಿತ

ಬೋವಿನ ಸ್ಕ್ರೂ ಇರುವ ತುದಿ ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಮಡಿಕೆಯಲ್ಲಿ ಕೂರುತ್ತದೆ. ಹೆಬ್ಬೆರಳು ಸ್ವಲ್ಪ ಬಾಗಿ ಕಡ್ಡಿಯ ಮೇಲೆ ಬರುತ್ತದೆ. ತೋರುಬೆರಳು ಮತ್ತು ಮಧ್ಯದ ಬೆರಳಿನ ತುದಿಗಳು ಕಡ್ಡಿಯ ಪಕ್ಕಕ್ಕೆ. ಉಂಗುರದ ಬೆರಳು ಫ್ರಾಗಿನ ಒಳಗಿನ ಬಾಗಿದ ಜಾಗದಲ್ಲಿ ಸುಮ್ನೆ ಮಡಚಿಕೊಂಡಿರುತ್ತದೆ. ಕಿರುಬೆರಳು ಫ್ರಾಗಿನ ಕೆಳಗೆ ಆಸರೆ ಕೊಡುತ್ತದೆ.

ಇದರಲ್ಲಿ ಶುರುವಿನಿಂದಲೇ ದೊಡ್ಡ ಧ್ವನಿ ಬರುತ್ತದೆ, ಮಕ್ಕಳಿಗೆ ಖುಷಿಯಾಗುತ್ತದೆ. ತೊಂದರೆ ಆಮೇಲೆ. ಇಡೀ ಅಂಗೈ ಫ್ರಾಗನ್ನು ಮುಷ್ಟಿ ಹಿಡಿದು ಮಣಿಕಟ್ಟು ಬಿಗಿಯಾಗಿಬಿಡುತ್ತದೆ. ಅಂಗೈಗೂ ಫ್ರಾಗಿಗೂ ನಡುವೆ ಗಾಳಿ ಆಡುವಷ್ಟು ಜಾಗ ಇದೆಯಾ ಅಂತ ನೋಡುತ್ತಿರಿ.

ಭಾರ ಇಳಿಸುವುದು

ಇಲ್ಲಿಂದ ಎರಡೂ ಹಿಡಿತಕ್ಕೆ ಪಾಠ ಒಂದೇ.

ಬೋವನ್ನು ಡಿ ತಂತಿಯ ಮೇಲೆ, ಫ್ರಾಗಿನಿಂದ ಸ್ವಲ್ಪ ಮುಂದೆ ಇಡಿಸಿ. ಎಳೆಯುವುದು ಬೇಡ. ವಿದ್ಯಾರ್ಥಿಯ ಮೊಣಕೈ ಕೆಳಗೆ ನಿಮ್ಮ ಅಂಗೈ ಇಡಿ. ತೋಳಿನ ಭಾರ ನಿಮ್ಮ ಕೈಗೆ ಬರಬೇಕು. ಬರದಿದ್ದರೆ ಭುಜ ಅದನ್ನು ಎತ್ತಿ ಹಿಡಿದಿದೆ. ಬಂದ ಮೇಲೆ ನಿಮ್ಮ ಕೈ ನಿಧಾನವಾಗಿ ತೆಗೆಯಿರಿ, ಆ ಭಾರ ತಂತಿಗೆ ಹೋಗಲಿ.

ಮುಂದಿನದು ಕಚ್ಚುವ ಅಭ್ಯಾಸ. ಬೋ ಕೂದಲು ತಂತಿಯನ್ನು ಹಿಡಿದುಕೊಂಡು, ಧ್ವನಿ ಬರದ ಹಾಗೆ ಅದನ್ನು ಆಚೆ ಈಚೆ ಅಲ್ಲಾಡಿಸಬೇಕು. ತಂತಿ ಬಗ್ಗುವುದು ಕಣ್ಣಿಗೆ ಕಾಣುತ್ತದೆ. ಕೂದಲು ಜಾರಿದರೆ ಭಾರ ಸಾಲದು. ಹೀಗೆ ಕಚ್ಚಿ, ಬಲಕ್ಕೆ ಒಂದಿಷ್ಟು ಎಳೆದು ಬಿಟ್ಟರೆ "ಟಕ್" ಅಂತ ಶುರುವಾಗಿ ಧ್ವನಿ ಮೊಳಗುತ್ತದೆ. ಆ ಶುರುವಿನ ಅಕ್ಷರ ಸಿಕ್ಕಿದ ಮೇಲೇ ಉದ್ದ ಬೋ.

ಇ ತಂತಿಗೆ ಬಂದಾಗ ಹೊಸ ಸಮಸ್ಯೆ. ಖಾಲಿ ಇ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ, ಜಿ ತಂತಿ 98 ಸಲ. ದಪ್ಪ ತಂತಿ ಮಾತಾಡಲು ಸ್ವಲ್ಪ ಹೊತ್ತು ತೆಗೆದುಕೊಳ್ಳುತ್ತದೆ. ಧ್ವನಿ ಬರಲಿಲ್ಲ ಅಂತ ವಿದ್ಯಾರ್ಥಿ ಜೋರಾಗಿ ಎಳೆಯುತ್ತಾನೆ, ಆಗ ಗರಗರ ಅಂತ ಮಾತ್ರ ಕೇಳುತ್ತದೆ. ನಿಧಾನ ಎಳೆಯಲು ಹೇಳಿ. ಬೋವನ್ನು ಫಿಂಗರ್‌ಬೋರ್ಡ್ ಕಡೆಗೆ ಒಂದೆರಡು ಬೆರಳಿನಷ್ಟು ಸರಿಸಿ.

ಬೋ ತಂತಿಗೆ ಲಂಬವಾಗಿ ಓಡುತ್ತಿದೆಯಾ ಅನ್ನುವುದು ನುಡಿಸುವವರಿಗೆ ಸರಿಯಾಗಿ ಕಾಣುವುದಿಲ್ಲ. ಎದುರಿಗೆ ಕನ್ನಡಿ ಇಡಿ, ಇಲ್ಲದಿದ್ದರೆ ಫೋನಿನಲ್ಲಿ ವಿಡಿಯೋ ಮಾಡಿ ತೋರಿಸಿ.

ಬೋ ಕೂದಲಿಗೆ ಹಚ್ಚುವ ರಾಳ, ಅಂದರೆ ರೋಸಿನ್ ಬಗ್ಗೆ ಒಂದು ಮಾತು. ವಯಲಿನ್ ರೋಸಿನ್ ಇಲ್ಲಿ ನಡೆಯುವುದಿಲ್ಲ, ಗಟ್ಟಿ ಜಾಸ್ತಿ, ಬೋ ಜಾರುತ್ತದೆ. ಬಾಸ್ ರೋಸಿನ್ ಮೆತ್ತಗೆ, ಅಂಟಂಟು. ಏಪ್ರಿಲ್‌ನಲ್ಲಿ ಕಾರಿನೊಳಗೆ ಬಿಟ್ಟರೆ ಕರಗಿ ಡಬ್ಬಿಗೇ ಅಂಟಿಕೊಳ್ಳುತ್ತದೆ. ಹಚ್ಚುವಾಗ ಫ್ರಾಗಿನಿಂದ ತುದಿಯ ಕಡೆಗೆ ಒಂದೇ ದಿಕ್ಕಿನಲ್ಲಿ ನಾಲ್ಕೈದು ಸಲ ಎಳೆದರೆ ಸಾಕು.

ಎಡಗೈ: 1-2-4 ಯಾಕೆ?

ಇದು ಅಳತೆಯ ವಿಷಯ. ದೊಡ್ಡವರು ಸಾಮಾನ್ಯವಾಗಿ ನುಡಿಸುವ ಮುಕ್ಕಾಲು ಸೈಜಿನ ಬಾಸ್‌ನಲ್ಲಿ ನಟ್‌ನಿಂದ ಬ್ರಿಡ್ಜಿಗೆ ಸುಮಾರು 105 ಸೆಂಟಿಮೀಟರ್ ತಂತಿ. ಮೊದಲ ಅರ್ಧ ಸ್ವರಕ್ಕೇ ಸುಮಾರು 5.9 ಸೆಂಟಿಮೀಟರ್ ಹೋಗಬೇಕು. ವಯಲಿನ್‌ನಲ್ಲಿ ಅದು 2 ಸೆಂಟಿಮೀಟರ್ ಕೂಡ ಇಲ್ಲ. ಬಾಸ್‌ನ ಹಾಫ್ ಪೊಸಿಷನ್‌ನಲ್ಲಿ ತೋರುಬೆರಳಿನಿಂದ ಕಿರುಬೆರಳಿಗೆ, ಅಂದರೆ ಬರೀ ಒಂದು ಪೂರ್ತಿ ಸ್ವರಕ್ಕೆ, ಸುಮಾರು 10.8 ಸೆಂಟಿಮೀಟರ್ ಹಿಗ್ಗಬೇಕು. ಪ್ರತಿ ಬೆರಳಿಗೆ ಒಂದು ಅರ್ಧ ಸ್ವರ ಕೊಡುವಷ್ಟು ಕೈ ಯಾರಿಗೂ ಸುಲಭಕ್ಕೆ ಬರುವುದಿಲ್ಲ. ಅದಕ್ಕೇ ತೋರುಬೆರಳು 1, ಮಧ್ಯದ್ದು 2, ಕಿರುಬೆರಳು 4, ಉಂಗುರದ ಬೆರಳು 4ಕ್ಕೆ ಬಲ ಕೊಡಲು ಜೊತೆಗಿರುತ್ತದೆ. ಒಂದು ಕೈಯಳತೆಯಲ್ಲಿ ಮೂರೇ ಸ್ವರ.

ವಿಯೆನ್ನಾದಲ್ಲಿ ಪಾಠ ಮಾಡುತ್ತಿದ್ದ ಫ್ರಾಂಟ್ಸ್ ಸಿಮಾಂಡ್ಲ್ (1840-1912) ಇದನ್ನೇ ಕ್ರಮವಾಗಿ ಜೋಡಿಸಿದರು. ಕೈಯನ್ನು ಒಂದೊಂದೇ ಅರ್ಧ ಸ್ವರ ಮೇಲೆ ಸರಿಸುತ್ತಾ ಹೋದರೆ ಒಂದೊಂದು ಪೊಸಿಷನ್. ಜಿ ತಂತಿಯಲ್ಲಿ ಹಾಫ್ ಪೊಸಿಷನ್ ಅಂದರೆ ಜಿ ಶಾರ್ಪ್, ಎ, ಎ ಶಾರ್ಪ್. ಮೊದಲನೆಯದು ಎ, ಬಿ ಫ್ಲ್ಯಾಟ್, ಬಿ. ಎರಡನೆಯದು ಬಿ ಫ್ಲ್ಯಾಟ್, ಬಿ, ಸಿ. ನಡುವೆ ಎರಡೂವರೆ ಅಂತ ಒಂದು: ಬಿ, ಸಿ, ಸಿ ಶಾರ್ಪ್. ಮೂರನೆಯದು ಸಿ, ಸಿ ಶಾರ್ಪ್, ಡಿ. ಮತ್ತೆ ಮೂರೂವರೆ. ನಾಲ್ಕನೆಯದು ಡಿ, ಇ ಫ್ಲ್ಯಾಟ್, ಇ. ಹೀಗೇ ಏಳರವರೆಗೆ. ಆರ್ಕೆಸ್ಟ್ರಾದ ಕಾಗದಗಳ ಮೇಲೆ ಯಾರೋ ಗೀಚಿದ ಬೆರಳು ಗುರುತುಗಳು ಬಹಳ ಸಲ ಈ ಭಾಷೆಯಲ್ಲೇ ಇರುತ್ತವೆ. ಹಾಗಾಗಿ ಇದನ್ನು ಕಲಿಸದೆ ಬಿಡುವಂತಿಲ್ಲ.

ಸಿರಿಯಾದ ಅಲೆಪ್ಪೊದಲ್ಲಿ 1931ರಲ್ಲಿ ಹುಟ್ಟಿ ಪ್ಯಾರಿಸ್‌ನಲ್ಲಿ ನೆಲೆ ನಿಂತ ಫ್ರಾಂಸ್ವಾ ರಬಾತ್ ಬೇರೆ ದಾರಿ ಹಿಡಿದರು. ಇಡೀ ಫಿಂಗರ್‌ಬೋರ್ಡಿಗೆ ಆರೇ ಪೊಸಿಷನ್. ಹೆಬ್ಬೆರಳು ಇದ್ದಲ್ಲೇ ಇರುತ್ತದೆ, ಅದನ್ನು ಕೀಲಾಗಿಟ್ಟುಕೊಂಡು ಕೈ ಆ ಕಡೆ ಈ ಕಡೆ ತಿರುಗುತ್ತದೆ. ಇದಕ್ಕೆ ಪಿವಟ್ ಅನ್ನುತ್ತಾರೆ. ಇದೇ ದಾರಿಯಲ್ಲಿ ಅಮೆರಿಕದ ಜಾರ್ಜ್ ವ್ಯಾನ್ಸ್ ಚಿಕ್ಕ ಮಕ್ಕಳಿಗೆ ಪಾಠ ಕಟ್ಟಿದರು. ಇಟಲಿಯಲ್ಲಿ 1-3-4 ಬೆರಳಿನ ಪದ್ಧತಿಯೂ ಇದೆ, ಇಸಾಯಾ ಬಿಲ್ಲೆ ಅದರ ದೊಡ್ಡ ಹೆಸರು. ಉಂಗುರದ ಬೆರಳು ಗಟ್ಟಿ ಇರುವವರಿಗೆ ಅದು ಒಗ್ಗುತ್ತದೆ, ನಾನು ಶುರುವಿನವರಿಗೆ ಕೊಡುವುದಿಲ್ಲ.

ಕುತ್ತಿಗೆಯ ಬುಡದಿಂದ ಶುರು

ಸಿಮಾಂಡ್ಲ್ ಕ್ರಮದಲ್ಲೇ ಹೋದರೆ ಮೊದಲು ಬರುವುದು ಹಾಫ್ ಪೊಸಿಷನ್. ಬೆರಳುಗಳ ಅಂತರ ಅತಿ ಹೆಚ್ಚು ಇರುವ ಜಾಗ ಅದೇ. ನಟ್ ಪಕ್ಕದಲ್ಲೇ ಇರುವುದರಿಂದ ತಂತಿ ಒತ್ತಲೂ ಗಟ್ಟಿ. ಎಡಗೈ ತಲೆಯ ಮಟ್ಟಕ್ಕೆ ಎತ್ತಿ ಹಿಡಿದಿರಬೇಕು. ಇಷ್ಟೆಲ್ಲ ಕಷ್ಟವನ್ನು ಮೊದಲ ವಾರವೇ ತಂದು ಸುರಿದರೆ ಕೈ ಹಿಂಡುವುದನ್ನೇ ಕಲಿಯುತ್ತದೆ. ನಾಲ್ಕನೇ ಪೊಸಿಷನ್‌ನಲ್ಲಿ 1ರಿಂದ 4ಕ್ಕೆ ಸುಮಾರು 7.6 ಸೆಂಟಿಮೀಟರ್ ಅಷ್ಟೇ. ಮೂರು ಸೆಂಟಿಮೀಟರ್ ಉಳಿತಾಯ ಕೈಗೆ ದೊಡ್ಡ ವಿಷಯ.

ಎಡಗೈ ಹೆಬ್ಬೆರಳನ್ನು ಕುತ್ತಿಗೆಯ ಹಿಂದೆ ಇಟ್ಟು, ಅದು ಬುಡದ ತಿರುವಿಗೆ ತಾಗಿ ನಿಲ್ಲುವವರೆಗೆ ಕೆಳಗೆ ಜಾರಿಸಲು ಹೇಳಿ. ಅಲ್ಲಿ ತೋರುಬೆರಳು ಜಿ ತಂತಿ ಒತ್ತಿದರೆ ಹೆಚ್ಚಿನ ಬಾಸ್‌ಗಳಲ್ಲಿ ಡಿ ಬರುತ್ತದೆ, ಕೆಲವದರಲ್ಲಿ ಇ ಫ್ಲ್ಯಾಟ್. ನಿಮ್ಮದು ಯಾವುದು ಅಂತ ಮೊದಲೇ ನೋಡಿಟ್ಟುಕೊಳ್ಳಿ. ಇ ಫ್ಲ್ಯಾಟ್ ಆದರೆ ಹೆಬ್ಬೆರಳನ್ನು ತಿರುವಿನಿಂದ ಸ್ವಲ್ಪ ಹಿಂದಕ್ಕೆ ನಿಲ್ಲಿಸಬೇಕು. ಹೀಗೆ ಕಣ್ಣು ಮುಚ್ಚಿಕೊಂಡೂ ಹುಡುಕಬಹುದಾದ ಜಾಗ ಬಾಸ್‌ನಲ್ಲಿ ಬೇರೆ ಇಲ್ಲ.

ಈಗ ಅದೇ ಜಾಗದಲ್ಲಿ ಕೈಯ ಆಕಾರ. ಹೆಬ್ಬೆರಳು 2ನೇ ಬೆರಳಿಗೆ ಎದುರಾಗಿ. ಬೆರಳುಗಳು ಬಾಗಿ, ತುದಿಯ ಮಾಂಸದ ಮೇಲೆ ನಿಲ್ಲಲಿ. 4 ಒತ್ತುವಾಗ 1, 2, 3 ಎಲ್ಲವೂ ತಂತಿಯ ಮೇಲೇ ಇರಲಿ. ಆಮೇಲೆ ಹೆಬ್ಬೆರಳನ್ನು ಒಂದು ಕ್ಷಣ ತೆಗೆದು ಅದೇ ಸ್ವರ ನುಡಿಸಲಿ. ತೋಳಿನ ಭಾರ ಹಿಂದಕ್ಕೆ ತೂಗಿದರೆ ಹೆಬ್ಬೆರಳಿಲ್ಲದೆಯೂ ಸ್ವರ ನಿಲ್ಲುತ್ತದೆ.

ಸ್ವರ ಸರಿಯಿದೆಯಾ ಅಂತ ವಾದ್ಯವೇ ಹೇಳುತ್ತದೆ. ಜಿ ತಂತಿಯ ಮೇಲಿನ ಡಿ ಶುದ್ಧವಾಗಿ ಬಂದರೆ ಪಕ್ಕದ ಖಾಲಿ ಡಿ ತಂತಿ ತಾನಾಗಿಯೇ ನಡುಗುತ್ತದೆ. ಬೋ ನಿಲ್ಲಿಸಿ ನೋಡಲು ಹೇಳಿ, ತಂತಿ ಮಸುಕಾಗಿ ಕಾಣುತ್ತದೆ. ಕೂದಲೆಳೆಯಷ್ಟು ತಪ್ಪಿದರೂ ಅದು ಸುಮ್ಮನಿರುತ್ತದೆ. ಟ್ಯೂನರ್ ಪರದೆ ನೋಡುವುದಕ್ಕಿಂತ ಇದು ಮಕ್ಕಳಿಗೆ ಬೇಗ ಹಿಡಿಸುತ್ತದೆ.

ಇನ್ನು ಮೊದಲ ರಾಗ. ಖಾಲಿ ಜಿ ತಂತಿಯನ್ನು ಷಡ್ಜ ಅಂತ ಇಟ್ಟುಕೊಳ್ಳಿ. ಕೈ ಅಲ್ಲಾಡಿಸದೆ, ಡಿ ತಂತಿಯಲ್ಲಿ 1ನೇ ಬೆರಳು ಒತ್ತಿದರೆ ಎ, ಅಂದರೆ ರಿ. 4ನೇ ಬೆರಳು ಬಿ, ಅಂದರೆ ಗ. ಜಿ ತಂತಿಗೆ ಬಂದು 1ಕ್ಕೆ ಪ, 4ಕ್ಕೆ ದ. ಸ ರಿ ಗ ಪ ದ, ಮೋಹನ! ಮೇಲಿನ ಸ ಬೇಕಾದರೆ ಕೈ ಸ್ವಲ್ಪ ಕೆಳಗೆ ಜಾರಿಸಿ, ಜಿ ತಂತಿಯ ಸರಿಯಾಗಿ ಅರ್ಧದಲ್ಲಿ ಒತ್ತದೆ ಮುಟ್ಟಿದರೆ ಹಾರ್ಮೋನಿಕ್ ಆಗಿ ಸಿಗುತ್ತದೆ. ಒಂದೇ ಪೊಸಿಷನ್, ಎರಡೇ ಬೆರಳು. ಸರಳೆ, ಜಂಟಿ ಅಭ್ಯಾಸ ಮಾಡಿದ ಮಕ್ಕಳಿಗೆ ಪಾಶ್ಚಾತ್ಯ ನೊಟೇಶನ್ ಬರುವ ಮೊದಲೇ ನುಡಿಸಲು ಏನೋ ಒಂದು ಸಿಕ್ಕ ಹಾಗಾಯಿತು. ಒಂದು ಎಚ್ಚರ: ನಮ್ಮ ವಯಲಿನ್ ತಂತಿಗಳ ಶ್ರುತಿ ಸ-ಪ-ಸ-ಪ, ಬಾಸ್‌ನಲ್ಲಿ ಎಲ್ಲ ತಂತಿಗಳ ನಡುವೆಯೂ ಸ-ಮ ಅಂತರ. ತಂತಿ ದಾಟುವಾಗ ವಯಲಿನ್ ಮಕ್ಕಳ ಲೆಕ್ಕ ತಪ್ಪುವುದು ಇಲ್ಲೇ.

ಅಲ್ಲಿಂದ ಹಿಂದಕ್ಕೆ

ಕೈ ಆಕಾರ ನಿಂತ ಮೇಲೆ ಮೂರನೇ ಪೊಸಿಷನ್‌ಗೆ ಕರೆದೊಯ್ಯಿರಿ. ಜಿ ತಂತಿಯಲ್ಲಿ 1ನೇ ಬೆರಳು ಡಿಯಿಂದ ಸಿಗೆ. ಆಮೇಲೆ ಮೊದಲನೇ ಪೊಸಿಷನ್, 1ನೇ ಬೆರಳು ಎ ಮೇಲೆ. ಖಾಲಿ ಎ ತಂತಿಯ ಜೊತೆ ಸೇರುತ್ತದಾ ನೋಡಿ. ಮೊದಲು ಡಿ ತಂತಿಯಲ್ಲಿ ನುಡಿಸಿದ ರಿ, ಗ ಈಗ ಜಿ ತಂತಿಯಲ್ಲೇ 1, 4ರಲ್ಲಿ ಸಿಗುತ್ತವೆ. ಮೊದಲ ಪೊಸಿಷನ್‌ನಿಂದ ನಾಲ್ಕಕ್ಕೆ ಹಾರಿದರೆ ಇಡೀ ಮೋಹನ ಒಂದೇ ತಂತಿಯ ಮೇಲೆ. ಹಾಫ್ ಪೊಸಿಷನ್ ಎಲ್ಲಕ್ಕಿಂತ ಕೊನೆಗೆ. ಅಷ್ಟು ಹೊತ್ತಿಗೆ ಕೈ ತಾನಾಗಿ ಹಿಗ್ಗಿರುತ್ತದೆ.

ಶಿಫ್ಟ್ ಮಾಡುವಾಗ, ಅಂದರೆ ಒಂದು ಪೊಸಿಷನ್‌ನಿಂದ ಇನ್ನೊಂದಕ್ಕೆ ಕೈ ಸರಿಸುವಾಗ, ಮೂರು ಕೆಲಸ: ಒತ್ತು ಬಿಡು, ಕೈ ಪೂರ್ತಿ ಸರಿಸು, ಮತ್ತೆ ಒತ್ತು. ಬೆರಳು ತಂತಿಯಿಂದ ಮೇಲೇಳಬಾರದು, ಹಗುರವಾಗಿ ಸವರುತ್ತಾ ಹೋಗಬೇಕು. ಹೆಬ್ಬೆರಳೂ ಜೊತೆಗೇ ಬರಬೇಕು. ಕರ್ನಾಟಕ ಸಂಗೀತದ ವಯಲಿನ್ ಕಲಿತವರು ಜಾರು ಸೊಗಸಾಗಿ ಎಳೆಯುತ್ತಾರೆ, ಆದರೆ ಬೆರಳು ಹೋದರೂ ಹೆಬ್ಬೆರಳು ಹಿಂದೆಯೇ ಉಳಿದಿರುತ್ತದೆ. ಬಾಸ್‌ನಲ್ಲಿ ಹಾಗಾದರೆ ಮುಂದಿನ 4ನೇ ಬೆರಳು ಸ್ವರಕ್ಕೆ ಮುಟ್ಟುವುದೇ ಇಲ್ಲ. ಹೋಗಬೇಕಾದ ಸ್ವರವನ್ನು ಮೊದಲು ಬಾಯಲ್ಲಿ ಹಾಡಿಸಿ, ಆಮೇಲೆ ಕೈ ಕಳಿಸಿ.

ಪಿವಟ್ ಕಲಿಸುವುದು ಇದಾದ ಮೇಲೆ. ಅಲ್ಲಿ ಹೆಬ್ಬೆರಳು ಬೇಕಂತಲೇ ನಿಲ್ಲುತ್ತದೆ. ಎರಡನ್ನೂ ಒಂದೇ ವಾರ ಹೇಳಿಕೊಟ್ಟರೆ ಮಕ್ಕಳಿಗೆ ಗೊಂದಲ. ಶಿಫ್ಟ್ ಗಟ್ಟಿಯಾದವರಿಗೆ ಮಾತ್ರ, "ಈ ಒಂದು ಅರ್ಧ ಸ್ವರಕ್ಕೆ ಕೈ ಸರಿಸಬೇಡ, ತಿರುಗಿಸು" ಅಂತ ಒಂದೊಂದೇ ಜಾಗ ತೋರಿಸಿ.

ಫಿಂಗರ್‌ಬೋರ್ಡ್ ಮೇಲೆ ಸ್ಟಿಕ್ಕರ್ ಸಾಲು ಅಂಟಿಸುವುದು ನನಗೆ ಹಿಡಿಸುವುದಿಲ್ಲ. ಕಣ್ಣು ಅಲ್ಲೇ ನೆಟ್ಟು ಕುತ್ತಿಗೆ ತಿರುಚಿಕೊಳ್ಳುತ್ತಾರೆ, ಕಿವಿ ಕೆಲಸ ಮಾಡುವುದಿಲ್ಲ. ತೀರಾ ಬೇಕಾದರೆ ಮೊದಲನೇ ಪೊಸಿಷನ್‌ನ 1ನೇ ಬೆರಳಿಗೆ, ಕುತ್ತಿಗೆಯ ಪಕ್ಕದಲ್ಲಿ ಒಂದು ಸೀಮೆಸುಣ್ಣದ ಚುಕ್ಕಿ. ಅದು ಒಂದೆರಡು ದಿನದಲ್ಲಿ ತಾನಾಗಿಯೇ ಅಳಿಸಿಹೋಗುತ್ತದೆ, ಒಳ್ಳೆಯದೇ.

ಎರಡೂ ಕೈ ಸೇರಿಸುವಾಗ

ಶುರುವಿನ ವಾರಗಳಲ್ಲಿ ಬೋ ಪಾಠ ಬೇರೆ, ಎಡಗೈ ಪಾಠ ಬೇರೆ. ಎಡಗೈ ಅಭ್ಯಾಸವನ್ನು ಬೆರಳಿನಿಂದ ಮೀಟಿಯೇ ಮಾಡಿಸಬಹುದು. ಹತ್ತು ನಿಮಿಷಕ್ಕೊಮ್ಮೆ ಕೈ ಬದಲಿಸಿ. ಹೆಬ್ಬೆರಳಿನ ಬುಡದಲ್ಲೋ ಮಣಿಕಟ್ಟಿನಲ್ಲೋ ನೋವು ಅಂದರೆ ಅಂದಿನ ಪಾಠ ಅಲ್ಲಿಗೆ ನಿಲ್ಲಿಸಿ. ಬೆರಳ ತುದಿ ಉರಿಯುವುದು ಮಾಮೂಲಿ, ಕೀಲು ನೋಯುವುದು ಮಾಮೂಲಿ ಅಲ್ಲ.

ಸೇರಿಸುವಾಗ ಮೊದಲು ಒಂದು ಸ್ವರಕ್ಕೆ ಒಂದು ಬೋ. ಶಿಫ್ಟ್ ಬೋ ತಿರುಗುವ ಸಂದಿನಲ್ಲೇ ಆಗಲಿ. ಎಡಗೈ ಸರಿಯುವ ಹೊತ್ತಿಗೆ ಬಲಗೈ ಗಾಬರಿಯಿಂದ ಬೋವನ್ನು ಜೋರಾಗಿ ಎಳೆದುಬಿಡುತ್ತದೆ, ಎಲ್ಲರಿಗೂ ಆಗುತ್ತದೆ. ಸರಿಯುವಾಗ ಬೋ ಭಾರ ಸ್ವಲ್ಪ ಹಗುರ ಮಾಡಿ, ವೇಗ ಇಳಿಸಲು ಹೇಳಿ. ಅದು ಬಂದ ಮೇಲೆ ಒಂದೇ ಬೋವಿನಲ್ಲಿ ಎರಡು ಸ್ವರ. ಏಳನೇ ಪೊಸಿಷನ್ ದಾಟಿ ಹೆಬ್ಬೆರಳು ಕುತ್ತಿಗೆಯ ಹಿಂದಿನಿಂದ ತಂತಿಯ ಮೇಲಕ್ಕೆ ಬರುವ ಹಂತ ತಲುಪಿದಾಗ, ಬೆರಳುಗಳ ಅಂತರ ಕಿರಿದಾಗಿ 4 ಪಕ್ಕಕ್ಕೆ ಸರಿದು 3 ಕೆಲಸಕ್ಕೆ ಬರುತ್ತದೆ. ಆ ಥಂಬ್ ಪೊಸಿಷನ್‌ಗೆ ಅವಸರ ಬೇಡ. ಮೊದಲನೆಯದರಿಂದ ನಾಲ್ಕನೆಯದಕ್ಕೆ ಕಣ್ಣು ಮುಚ್ಚಿ ಹೋಗಿ ಬರುವುದು ಬಂದ ಮೇಲೆ ಶುರು ಮಾಡಿದರೆ ಆಯಿತು.